ಚಾಪೆಲ್ ತಿರುವಿನ ಎಣ್ಣೆ

ಚಾಪೆಲ್ ತಿರುವಿನಲ್ಲಿ ಎಮ್ರಿಸ್‌ನ ಕಾರು ಜಾರಿ ಮಣ್ಣಿನ ದಿಬ್ಬಕ್ಕೆ ಗುದ್ದಿದ ಹೊತ್ತಿಗೆ ನೆಸ್ತಾ ಬೆಟ್ಟದ ನೆತ್ತಿಯಲ್ಲಿದ್ದಳು. ಹೆಲ್ಮೆಟ್ ತೆಗೆದು, ಬೆವರಿಗೆ ಅಂಟಿದ ಕೂದಲನ್ನು ಹಿಂದಕ್ಕೆ ತಳ್ಳಿ, ತನ್ನ ಓಟಕ್ಕೆ ಹಿಡಿದ ಸಮಯ ಎಷ್ಟೆಂದು ಕೇಳಿ ತಿಳಿದು, ಖುಷಿಗೆ ಕಾರಿನ ಬೆನ್ನು ತಟ್ಟುತ್ತಿದ್ದಳು. ಪೆನ್‌ರಿವ್ ಬೆಟ್ಟವನ್ನು ಅವಳು ಅಷ್ಟು ವೇಗವಾಗಿ ಎಂದೂ ಹತ್ತಿರಲಿಲ್ಲ. ಆ ಖುಷಿ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ಕೆಳಗಿನಿಂದ ಶಿಳ್ಳೆ ಕೇಳಿಸಿತು. ಮುಕ್ತಾಯದ ಗೆರೆಯ ಬಳಿ ನಿಂತಿದ್ದವನು ರೇಡಿಯೊ ಕಿವಿಗೊತ್ತಿ, ಕೆಂಪು ಬಾವುಟ ಎತ್ತಿ ಹಿಡಿದ.

"ಏನಾಯ್ತು?"

"ಹಾಲಿನ ಎಮ್ರಿಸ್ ದಿಬ್ಬಕ್ಕೆ ಹೊಡ್ದಿದಾನೆ. ರಸ್ತೆ ಮೇಲೆ ಆಯಿಲ್ ಬಿದ್ದಿತ್ತಂತೆ."

ನೆಸ್ತಾ ತಿರುಗಿ ತನ್ನ ಕಾರನ್ನು ನೋಡಿದಳು. ಬಾನೆಟ್ಟಿನ ಅಂಚಿನಿಂದ ಊದುಬತ್ತಿಯ ಹೊಗೆಯಷ್ಟು ತೆಳ್ಳಗೆ, ನೀಲಿಯಾಗಿ ಏನೋ ಮೇಲೇಳುತ್ತಿತ್ತು.

ವೇಲ್ಸ್‌ನ ಆ ಕಣಿವೆಯಲ್ಲಿ ಒಂದೇ ಹೆಸರಿನವರು ಹತ್ತಾರು ಮಂದಿ ಇರುವುದರಿಂದ ಹೆಸರಿನ ಜೊತೆಗೆ ಕೆಲಸವೂ ಅಂಟಿಕೊಂಡಿರುತ್ತದೆ. ಎಮ್ರಿಸ್ ಜೀವಮಾನವೆಲ್ಲ ಟ್ಯಾಂಕರ್ ಓಡಿಸಿಕೊಂಡು ಹಟ್ಟಿಹಟ್ಟಿಯಿಂದ ಹಾಲು ತಂದವನು. ಕೆಲಸ ಬಿಟ್ಟರೂ ಹಾಲು ಅವನನ್ನು ಬಿಟ್ಟಿರಲಿಲ್ಲ. ನೆಸ್ತಾ ಹಳ್ಳಿಗಳಿಗೆ ಪುಸ್ತಕ ಒಯ್ಯುವ ಲೈಬ್ರರಿ ವ್ಯಾನಿನವಳು, ಹಾಗಾಗಿ ಪುಸ್ತಕದ ನೆಸ್ತಾ. ವಾರವೆಲ್ಲ ಕುರಿಮಂದೆಯ ಹಿಂದೆ ತೆವಳುತ್ತ ವ್ಯಾನ್ ಓಡಿಸುವವಳಿಗೆ ಭಾನುವಾರ ಬಂತೆಂದರೆ ಕಾಲು ತಡೆಯುತ್ತಿರಲಿಲ್ಲ. ಹಳೆಯದೊಂದು ಜಪಾನಿ ಟರ್ಬೊ ಕಾರನ್ನು ಕೊಂಡು, ಅದರ ಜೊತೆ ಜಗಳವಾಡಿ, ಮುದ್ದು ಮಾಡಿ, ಬೆಟ್ಟ ಹತ್ತುವ ಪಂದ್ಯಗಳಿಗೆ ಇಳಿಯತೊಡಗಿ ಕೆಲವು ವರ್ಷಗಳಾಗಿದ್ದವು. ಆ ವಸಂತದಲ್ಲಷ್ಟೇ ಟರ್ಬೊದ ಒತ್ತಡ ಹೆಚ್ಚಿಸಿಕೊಂಡಿದ್ದಳು. ಈ ಪಂದ್ಯಗಳಲ್ಲಿ ಕಾರುಗಳು ಒಂದರ ಹಿಂದೊಂದು ಒಂಟಿಯಾಗಿ ಓಡುತ್ತವೆ. ಮುಂದಿನ ಕಾರು ಗೆರೆ ಮುಟ್ಟುವ ಮೊದಲೇ ಹಿಂದಿನದನ್ನು ಬಿಟ್ಟಿರುತ್ತಾರೆ. ಅಂದು ಅವಳ ಹಿಂದೆ ಬಿಟ್ಟಿದ್ದು ಎಮ್ರಿಸ್‌ನನ್ನು.

ನೆಸ್ತಾ ರಸ್ತೆಯ ಪಕ್ಕದ ಹುಲ್ಲಿನ ಮೇಲೆ ಓಡುತ್ತಲೇ ಕೆಳಗಿಳಿದಳು. ಚಾಪೆಲ್ ತಿರುವಿನಲ್ಲಿ ಇದ್ವಲ್, ಆ ತಿರುವಿಗೆ ಕಾವಲು ನಿಲ್ಲುವವನು, ಸಿಮೆಂಟ್ ಪುಡಿ ಚೆಲ್ಲಿ ಪೊರಕೆಯಿಂದ ಉಜ್ಜುತ್ತಿದ್ದ. ಎಮ್ರಿಸ್‌ನ ಪುಟ್ಟ ಬಿಳಿ ಕಾರು ಮುಂದಿನ ಒಂದು ಚಕ್ರವನ್ನು ಮುರಿದ ಕಾಲಿನಂತೆ ಮಡಿಚಿಕೊಂಡು ದಿಬ್ಬಕ್ಕೆ ಒರಗಿತ್ತು. ಅವನು ಹುಲ್ಲಿನ ಪೆಂಡಿಯ ಮೇಲೆ ಕೂತು, ಒಂದು ಕೈಯಲ್ಲಿ ಪಕ್ಕೆ ಹಿಡಿದು, ಇನ್ನೊಂದರಲ್ಲಿ ಚಹಾ ಕುಡಿಯುತ್ತಿದ್ದ. ಅವನ ಹೆಂಡತಿ ಗ್ವೆಂಡಾ ಪಕ್ಕದಲ್ಲಿ ನಿಂತಿದ್ದಳು. ಪ್ರತಿ ಪಂದ್ಯದಲ್ಲೂ ಮಡಿಚುವ ಕುರ್ಚಿ ಹಾಕಿಕೊಂಡು ಅದೇ ತಿರುವಿನಲ್ಲಿ ಹೆಣಿಗೆ ಹಿಡಿದು ಕೂರುವವಳು ಅವಳು. ಎಲ್ಲವೂ ಅವಳ ಎದುರಿಗೇ ಆಗಿತ್ತು.

"ನಿನ್ನ ಕಾರಿಂದಾನೇ ಕಣಮ್ಮ," ಎಂದ ಇದ್ವಲ್, ಪೊರಕೆ ನಿಲ್ಲಿಸದೆ. "ತಿರುವಲ್ಲಿ ಸುರ್ ಅಂತ ಸುರೀತು. ನಾನು ಬಾವುಟ ಎತ್ತೋಷ್ಟ್ರಲ್ಲಿ ಇವನು ಬಂದೇಬಿಟ್ಟಿದ್ದ."

ನೆಸ್ತಾ ಎಮ್ರಿಸ್‌ನ ಮುಂದೆ ಮಂಡಿಯೂರಿದಳು.

"ಪಕ್ಕೆಲುಬು ಎಲ್ಲ ಲೆಕ್ಕಕ್ಕಿದಾವೆ, ಡಾಕ್ಟ್ರು ಮುಟ್ಟಿ ನೋಡಿದ್ರು," ಎಂದ ಅವನು. "ಎರಡು ಸ್ವಲ್ಪ ಮುನಿಸ್ಕೊಂಡಿದಾವೆ, ಅಷ್ಟೆ. ಏಳು ಹುಡುಗಿ, ಹುಲ್ಲು ಒದ್ದೆ ಇದೆ. ಚಹಾ ಕುಡಿ."

ಗ್ವೆಂಡಾ ಮಾತ್ರ ನೆಸ್ತಾಳನ್ನು ಒಮ್ಮೆ ನೋಡಿ, ಹೆಣಿಗೆಯನ್ನು ಚೀಲಕ್ಕೆ ತುರುಕಿದಳು.

ತಪ್ಪು ಎಲ್ಲಿ ಎಂಬುದು ಸಂಜೆಯೊಳಗೆ ಗೊತ್ತಾಯಿತು. ಎಂಜಿನ್ನಿನ ಹೊಗೆಯನ್ನು ಮತ್ತೆ ಗಾಳಿಯ ದಾರಿಗೆ ಸೇರಿಸುವ ರಬ್ಬರ್ ಪೈಪು, ಹಿಂದುಗಡೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಕಳಚಿಕೊಂಡಿತ್ತು. ಹೆಚ್ಚಿದ ಒತ್ತಡವನ್ನು ಆ ಹಳೆಯ ಪೈಪು ತಡೆದಿರಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ. ಕಾರಿದ್ದವರಿಗೆ ಇಂಥದ್ದು ಆಗುವುದೇ ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಅವಳಿಗೆ ವಾರವೆಲ್ಲ ಅನ್ನಿಸಿತು. ವ್ಯಾನಿನ ಕಪಾಟಿನಲ್ಲಿ ಪುಸ್ತಕಗಳನ್ನು ಸರಿಯಾಗಿ ಜೋಡಿಸುವಾಗಲೂ ಕೈ ಆ ಮಡಿಚಿದ ಚಕ್ರವನ್ನೇ ನೇರ ಮಾಡುತ್ತಿದ್ದಂತಿತ್ತು.

ಮುಂದಿನ ಭಾನುವಾರ ನಿಂಬೆಯ ಕೇಕು ಮಾಡಿಕೊಂಡು ಅವರ ಮನೆಗೆ ಹೋದಳು. ಬಾಗಿಲು ತೆರೆದದ್ದು ಗ್ವೆಂಡಾ.

"ಒಳಗಿದಾನೆ," ಎಂದಷ್ಟೇ ಹೇಳಿ, ಕೇಕಿನ ತಟ್ಟೆ ಇಸಿದುಕೊಂಡು ಅಡುಗೆಮನೆಗೆ ಹೋದಳು.

ಎಮ್ರಿಸ್ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕಿಟಕಿಯ ಬಳಿ ಕೂತಿದ್ದ. ನಗಬೇಡ, ನಗಿಸಬೇಡ, ಪಕ್ಕೆ ನೋಯುತ್ತೆ ಎಂದು ಮೊದಲೇ ಎಚ್ಚರಿಸಿದ. ಕಾರಿನ ಸಂಗತಿ ಕೇಳಿದಾಗ ಕೈಯಾಡಿಸಿದ.

"ಕಾರಿನ ಅಡಿ ಚೌಕಟ್ಟೇ ತಿರುಚ್ಕೊಂಡಿದೆ. ಅದರ ಋಣ ತೀರ್ತು. ನಂಗೂ ವಯಸ್ಸಾಯ್ತಲ್ಲ. ಸೆಪ್ಟೆಂಬರ್‌ದು ಓಡಿಸಿ ನಿಲ್ಲಿಸಿಬಿಡೋಣ ಅಂತ ಇದ್ದೆ. ಒಂದು ಪಂದ್ಯ ಮುಂಚೆ ನಿಂತಿತು, ಅಷ್ಟೆ." ಹಾಗೆಂದು ನಕ್ಕ. ಆಮೇಲೆ ಕಿಟಕಿಯಾಚೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದ: "ಮೇಲಿನ ಗೆರೆ ದಾಟಿ ನಿಲ್ಲಿಸ್ಬೇಕು ಅಂತ ಆಸೆ ಇತ್ತು. ದಿಬ್ಬಕ್ಕೆ ಗುದ್ದಿ ಅಲ್ಲ."

ನೆಸ್ತಾ ಯೋಚಿಸಲೇ ಇಲ್ಲ. "ನನ್ನ ಕಾರು ಓಡಿಸಿ," ಎಂದುಬಿಟ್ಟಳು. "ಒಂದೇ ಕಾರಲ್ಲಿ ಇಬ್ಬರು ಓಡಿಸಬಹುದಲ್ಲ. ಮೊದಲು ನಾನು, ಆಮೇಲೆ ನೀವು."

ಅಡುಗೆಮನೆಯಲ್ಲಿ ಏನೋ ಠಣ್ಣೆಂದು ಬಿತ್ತು. ಎಮ್ರಿಸ್ ಅತ್ತ ಒಮ್ಮೆ ಕಣ್ಣು ಹಾಯಿಸಿದ. ಆದರೆ ಅವನ ಮುಖದಲ್ಲಿ ಬೆಳಕು ಹತ್ತಿಬಿಟ್ಟಿತ್ತು. ಅದನ್ನು ಆರಿಸುವುದು ಇನ್ನು ಯಾರ ಕೈಯಲ್ಲೂ ಇರಲಿಲ್ಲ.

"ನಿಜವಾಗ್ಲೂ ಹೇಳ್ತಿದೀಯಾ?"

"ನಿಜವಾಗ್ಲೂ."

"ಹಾಗಾದ್ರೆ ಒಂದು ಷರತ್ತು. ಅದಕ್ಕೆ ಕ್ಯಾಚ್ ಕ್ಯಾನ್ ಹಾಕದೆ ನಾನು ಸ್ಟೀರಿಂಗ್ ಮುಟ್ಟಲ್ಲ. ಆಯಿಲ್ ಹಿಡಿಯೋ ಡಬ್ಬಿ. ನನ್ನ ಹಿಂದೆ ಬರೋನು ದಿಬ್ಬಕ್ಕೆ ಹೋಗೋದು ಬೇಡ."

ಶನಿವಾರ ಅವನು ನೆಸ್ತಾಳ ಶೆಡ್ಡಿಗೆ ಬಂದ. ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತು, ಕೋಲು ಹಿಡಿದು ತೋರಿಸಿದ. ಅವಳು ಬಾನೆಟ್ಟಿನೊಳಗೆ ತಲೆ ಹಾಕಿದಳು. ಮೊದಲು ಎಂಜಿನ್ ಚಾಲೂ ಮಾಡಿ, ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆಯಲು ಹೇಳಿದ. ಒಳಗಿನಿಂದ ಬೆಚ್ಚಗಿನ ಹೊಗೆ ಪುಸುಪುಸು ಎಂದು ಅವಳ ಅಂಗೈಗೆ ತಾಗಿತು.

"ಇಷ್ಟೇನಾ? ಹಾಗಾದ್ರೆ ಎಂಜಿನ್ನು ಗಟ್ಟಿಯಾಗಿದೆ," ಎಂದ. "ನೋಡು, ಪಿಸ್ಟನ್ನು ಎಷ್ಟೇ ಬಿಗಿಯಾಗಿರ್ಲಿ, ಉರಿಯೋವಾಗ ಪಕ್ಕದಿಂದ ಸ್ವಲ್ಪ ಹೊಗೆ ಕೆಳಕ್ಕೆ ನುಸುಳೇ ನುಸುಳುತ್ತೆ. ಅದು ಹೊರಗೆ ಬರ್ಲೇಬೇಕು, ಇಲ್ಲ ಅಂದ್ರೆ ಒಳಗೆಲ್ಲ ಉಬ್ಬಿ ಸೀಲು ಒಡೆಯುತ್ತೆ. ಬರೋವಾಗ ಬರಿಗೈಲಿ ಬರಲ್ಲ. ಆಯಿಲ್ ಹೊತ್ಕೊಂಡು ಬರುತ್ತೆ. ನೀನು ಒತ್ತಡ ಏರಿಸಿದೆ, ಹೊಗೆ ಜಾಸ್ತಿ ಆಯ್ತು. ತಿರುವಲ್ಲಿ ಆಯಿಲ್ಲೂ ಒಂದು ಕಡೆಗೆ ನುಗ್ತು. ಬಡಪಾಯಿ ಪೈಪು ಏನು ಮಾಡುತ್ತೆ?"

"ಅಂಗಡೀಲಿ ಒಂದು ನೋಡಿದೀನಿ. ನೀಲಿ ಬಣ್ಣದ್ದು, ಫಳಫಳ ಅನ್ನುತ್ತೆ."

"ಬಿಚ್ಚಿ ನೋಡಿದ್ಯಾ? ಎಷ್ಟೋದು ಒಳಗೆ ಖಾಲಿ ಡಬ್ಬ. ಹೊಗೆ ಈ ಕಡೆಯಿಂದ ಬಂದು, ನಮಸ್ಕಾರ ಹೇಳಿ, ಆ ಕಡೆಯಿಂದ ಹೋಗುತ್ತೆ. ಆಯಿಲ್ಲೂ ಅದರ ಜೊತೇಲೇ ಹೋಗುತ್ತೆ."

ಅಷ್ಟರಲ್ಲಿ ಹೊರಗೆ ಹೆಜ್ಜೆಯ ಸದ್ದಾಯಿತು. ಗ್ವೆಂಡಾ ಬಂದಿದ್ದಳು. ಎಮ್ರಿಸ್ ಮನೆಯಲ್ಲೇ ಮರೆತುಬಂದ ನೋವಿನ ಮಾತ್ರೆ ಅವಳ ಕೈಯಲ್ಲಿತ್ತು. ಗಂಡನಿಗೆ ಮಾತ್ರೆ ಕೊಟ್ಟು ಹೊರಟವಳು ಬಾಗಿಲಲ್ಲಿ ನಿಂತಳು. ನೆಸ್ತಾ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಅವಳ ಬಳಿಗೆ ಹೋದಳು.

"ಗ್ವೆಂಡಾ, ಆವತ್ತಿನದಕ್ಕೆ ನಿಮ್ಮ ಹತ್ರ ಕ್ಷಮೆ ಕೇಳೋಕೂ ನಂಗೆ ಮುಖ ಇಲ್ಲ."

"ಕ್ಷಮೆ ಯಾರಿಗೆ ಬೇಕು?" ಎಂದಳು ಗ್ವೆಂಡಾ. ದನಿ ಏರಿರಲಿಲ್ಲ, ಎಷ್ಟೋ ದಿನದಿಂದ ಒಳಗೇ ಕುದ್ದು ಇಂಗಿದ ಮಾತಿನಂತಿತ್ತು. "ಆವತ್ತು ಅವನು ಕಾರಿಂದ ತನ್ನ ಕಾಲ ಮೇಲೇ ಎದ್ದು ಬಂದ್ನಲ್ಲ, ಆಗ ನಾನು ಏನಂದ್ಕೊಂಡೆ ಗೊತ್ತಾ? ದೇವರೇ, ದೊಡ್ಡ ಉಪಕಾರ ಆಯ್ತು, ಗಂಡ ಉಳಿದ, ಕಾರು ಹೋಯ್ತು ಅಂದ್ಕೊಂಡೆ. ಮದುವೆ ಆದಾಗಿಂದ ಆ ತಿರುವಲ್ಲಿ ಕೂತು ಹೆಣೀತಿದೀನಿ. ಹೆಣಿಗೆ ಕಡೆ ಗಮನ ಇದ್ರೆ ತಾನೆ? ಕಿವಿಯೆಲ್ಲ ಇವನ ಎಂಜಿನ್ ಮೇಲೆ. ಒಂದೊಂದು ಸ್ವೆಟರ್ರಲ್ಲೂ ತೋಳು ಒಂದು ಉದ್ದ, ಒಂದು ಗಿಡ್ಡ. ಆಯಿಲ್ ಚೆಲ್ಲಿದ್ದಕ್ಕೆ ನಿನ್ನ ಮೇಲೆ ನಂಗೆ ಕೋಪ ಇಲ್ಲಮ್ಮ. ಎಲ್ಲಾ ಮುಗೀತಪ್ಪ ಅಂತ ನಾನು ನೆಮ್ಮದಿಯಾಗಿ ಉಸಿರು ಬಿಡ್ತಿದ್ರೆ, ನೀನು ಕೇಕ್ ಹಿಡ್ಕೊಂಡು ಬಂದು ಕಾರು ಕೊಡ್ತೀನಿ ಅಂದ್ಯಲ್ಲ, ಅದಕ್ಕೆ ಕೋಪ."

ಪೆಟ್ಟಿಗೆಯ ಮೇಲೆ ಕೂತಿದ್ದ ಎಮ್ರಿಸ್ ಕೋಲನ್ನು ನೆಲಕ್ಕಿಟ್ಟ.

"ನೀನು ಒಂದು ದಿನಾನೂ ಹೇಳ್ಲಿಲ್ಲವಲ್ಲೇ."

"ಹೇಳಿದ್ರೆ ಬಿಡ್ತಿದ್ಯಾ?"

ಅವನು ಸ್ವಲ್ಪ ಯೋಚಿಸಿದ. "ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ಆಮೇಲೆ ಎಮ್ರಿಸ್ ಮೆಲ್ಲಗೆ ಹೇಳಿದ: "ಒಂದೇ ಒಂದು ಸಲ, ಗ್ವೆಂಡಾ. ಮೇಲೆ ಹೋಗಿ ಗೆರೆ ದಾಟಿ ಎಂಜಿನ್ ಆಫ್ ಮಾಡ್ತೀನಿ. ಅಲ್ಲಿಗೆ ಮುಗೀತು. ನೀನು ಬೇಡ ಅಂದ್ರೆ ಅದೂ ಬೇಡ. ಈಗ ಕೇಳ್ತಿದೀನಿ. ಮೊದಲೇ ಕೇಳ್ಬೇಕಿತ್ತು."

ಗ್ವೆಂಡಾ ಉತ್ತರ ಕೊಡದೆ ಹೊರಟುಹೋದಳು. ಅಂದು ಮುಂದೆ ಕೆಲಸ ಸಾಗಲಿಲ್ಲ.

ಬುಧವಾರ ನೆಸ್ತಾಳ ಲೈಬ್ರರಿ ವ್ಯಾನು ಅವರ ಹಳ್ಳಿಯ ಪೋಸ್ಟಾಫೀಸಿನ ಮುಂದೆ ನಿಲ್ಲುವ ದಿನ. ಎಂದಿನ ಮುದುಕಿಯರೆಲ್ಲ ಬಂದು, ಪುಸ್ತಕಕ್ಕಿಂತ ಹೆಚ್ಚು ಸುದ್ದಿ ಬದಲಾಯಿಸಿಕೊಂಡು ಹೋದರು. ಕಡೆಗೆ ಗ್ವೆಂಡಾ ಮೆಟ್ಟಿಲು ಹತ್ತಿದಳು. ಎರಡು ಕಾದಂಬರಿ ಹಿಂದಿರುಗಿಸಿದಳು. ಕಪಾಟಿನ ಮುಂದೆ ನಿಂತು ಒಂದನ್ನು ಎಳೆದಳು, ಮತ್ತೆ ಒಳಗೆ ತಳ್ಳಿದಳು. ನೆಸ್ತಾ ಮೇಜಿನ ಹಿಂದೆ ಕೂತಿದ್ದಳು. ಹೇಳಬೇಕಾದ್ದನ್ನು ಅವಳು ಆಗಲೇ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದಳು. ಕಾರು ಕೊಡುವುದಿಲ್ಲ, ನನ್ನದೇ ತಪ್ಪು, ಎಮ್ರಿಸ್‌ಗೆ ನಾನೇ ಹೇಳುತ್ತೇನೆ, ಇಷ್ಟು. ಅಷ್ಟರಲ್ಲಿ ಗ್ವೆಂಡಾ ಚೀಲದಿಂದ ಬಟ್ಟೆ ಸುತ್ತಿದ ಏನನ್ನೋ ತೆಗೆದು ಮೇಜಿನ ಮೇಲಿಟ್ಟಳು.

"ಇದು ಆಗುತ್ತಾ ನೋಡು."

ಸ್ಟೀಲಿನ ಪುಟ್ಟ ಕ್ಯಾನು. ಕುತ್ತಿಗೆ ಅಗಲ, ಮುಚ್ಚಳಕ್ಕೆ ಒತ್ತಿ ಬಿಗಿಮಾಡುವ ಕೊಕ್ಕೆ. ತವರಿನ ಹಟ್ಟಿಯಲ್ಲಿ ಎಳೆಗರುಗಳಿಗೆ ಹಾಲು ಒಯ್ಯುತ್ತಿದ್ದದ್ದಂತೆ.

"ಎರಡು ಲೀಟರ್ ಮೇಲೇ ಹಿಡಿಯುತ್ತೆ. ತುಕ್ಕು ಹಿಡಿಯಲ್ಲ. ಬಿದ್ರೂ ಒಡೆಯಲ್ಲ; ನಾನೇ ಎಷ್ಟು ಸಲ ಬೀಳ್ಸಿದೀನಿ," ಎಂದಳು ಗ್ವೆಂಡಾ.

"ಗ್ವೆಂಡಾ, ನಿಮಗೆ ಇಷ್ಟ ಇಲ್ದೆ..."

"ಇಷ್ಟ ಇಲ್ಲ. ಇಷ್ಟ ಇದೆ ಅಂತ ಯಾರು ಹೇಳಿದ್ರು? ನಾಲ್ಕು ದಿನದಿಂದ ಮನೇಲಿ ಬಾಯಿ ಮುಚ್ಕೊಂಡು ಪಾತ್ರೆ ತೊಳೀತಿದಾನೆ ಮಾರಾಯ್ತಿ. ಇವನು ಪಾತ್ರೆ ತೊಳೆಯೋದನ್ನ ನಾನು ನೋಡಿದ್ದೇ ಇಲ್ಲ. ನಂಗೆ ಹೆದರಿಕೆ ಆಗ್ತಿದೆ." ಅವಳ ತುಟಿಯಂಚಿನಲ್ಲಿ ನಗು ಬಂದು ಹೋಯಿತು. "ಅವನು ಕೇಳಿದ ನೋಡು, ಬೇಡ ಅಂದ್ರೆ ಬೇಡ ಅಂತ. ಇಷ್ಟು ವರ್ಷಕ್ಕೆ ಮೊದಲ್ನೇ ಸಲ ಕೇಳಿದ. ಕೇಳಿದ್ಮೇಲೆ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಶನಿವಾರ ನಾನೂ ಬರ್ತೀನಿ. ಒಂದೊಂದು ಪೈಪೂ ಎಳೆದು ನೋಡೋಳು ನಾನೇ."

ಅವಳು ಹೋದ ಮೇಲೆ ನೆಸ್ತಾ ಆ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಹಿಂದಿನ ಹಳ್ಳಿಯಲ್ಲೇ ತಡವಾಗಿತ್ತು, ಮುಂದಿನ ಹಳ್ಳಿಯವರು ಕಾಯುತ್ತಿದ್ದರು. ಆದರೂ ಏಳಲು ಮನಸ್ಸಾಗಲಿಲ್ಲ.

ಕ್ಯಾನಿಗೆ ಹೊಗೆ ಬರುವ ಬಾಯಿಗಳನ್ನು, ತಳದಲ್ಲಿ ಆಯಿಲ್ ಇಳಿಸುವ ನಲ್ಲಿಯೊಂದನ್ನು ಎಮ್ರಿಸ್ ತನ್ನ ಹಳೆಯ ಡೈರಿಯ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸಿಕೊಂಡು ಶನಿವಾರ ಶೆಡ್ಡಿಗೆ ಬಂದ. ಮುಚ್ಚಳದ ಮೇಲೆ ಗಾಳಿ ಹೊರಹೋಗಲು ಪುಟ್ಟ ಫಿಲ್ಟರು. ಒಳಗೆ ಅರ್ಧಕ್ಕೆ ತೂತುತೂತಿನ ಸ್ಟೀಲ್ ತಟ್ಟೆ ಕೂರಿಸಿ, ಅದರ ಮೇಲೆ ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರುಗಳನ್ನು ಒತ್ತಿಟ್ಟ.

"ಹೊಗೆ ನೇರವಾಗಿ ಓಡಿಹೋಗ್ಬಾರ್ದು," ಎಂದು ವಿವರಿಸಿದ. "ಇದರೊಳಗೆ ಸುತ್ತಿ ಬಳಸಿ, ತಣ್ಣಗಿನ ಸ್ಟೀಲಿಗೆ ಮೈ ಉಜ್ಜಿಕೊಂಡು ಹೋಗ್ಬೇಕು. ಆಗ ಆಯಿಲ್ ಅಲ್ಲೇ ಅಂಟಿ ಕೆಳಕ್ಕೆ ಹನಿಯುತ್ತೆ."

"ಸೂಪ್ ಪಾತ್ರೆ ಮುಚ್ಚಳದಲ್ಲಿ ನೀರು ಹನಿಯೋ ಹಾಗೆ," ಎಂದಳು ಗ್ವೆಂಡಾ.

"ಹಾಗೇ."

"ಅಷ್ಟು ಹೇಳೋಕೆ ಇಷ್ಟು ಮಾತು."

ಜಾಗ ಹುಡುಕುವುದೇ ದೊಡ್ಡ ಕೆಲಸವಾಯಿತು. ಟರ್ಬೊದ ಹತ್ತಿರ ಇಟ್ಟರೆ ಕಾವಿಗೆ ಎಣ್ಣೆ ಮತ್ತೆ ಆವಿಯಾಗುತ್ತದೆ. ಮೇಲಿಟ್ಟರೆ ಬಾನೆಟ್ ಮುಚ್ಚುವುದಿಲ್ಲ. ಕೊನೆಗೆ ಎಡಗಡೆ, ಮುಂದಿನ ದೀಪದ ಹಿಂದೆ, ಗಾಳಿ ತಾಗುವ ಮೂಲೆಯೊಂದು ಸಿಕ್ಕಿತು. ನೆಸ್ತಾ ರಟ್ಟಿನ ತುಂಡು ಕತ್ತರಿಸಿ ಅಳತೆ ನೋಡಿ, ಪಟ್ಟಿಯನ್ನು ಬಗ್ಗಿಸಿ, ಡ್ರಿಲ್ಲಿನಿಂದ ಕಾರಿನ ಮೈಗೆ ತೂತು ಕೊರೆದಳು. ತೂತಿನ ಅಂಚಿಗೆ ಬಣ್ಣ ಹಚ್ಚಿ ಒಣಗಿಸಿದಳು. ಎಂಜಿನ್ನಿಗೆ ಮೊದಲು ಹೊಗೆ ಹಿಂದಿರುಗುತ್ತಿದ್ದ ಬಾಯಿಗೆ ಬಿರಡೆ ಬಡಿದಳು, ಅದು ತೆರೆದಿದ್ದರೆ ಎಂಜಿನ್ನು ಕದ್ದು ಗಾಳಿ ಎಳೆಯುತ್ತದೆ. ಆಮೇಲೆ ದಪ್ಪನೆಯ, ಎಣ್ಣೆಗೆಂದೇ ಮಾಡಿದ ಪೈಪುಗಳನ್ನು ಎಂಜಿನ್ನಿನ ತಲೆಯಿಂದ ಡಬ್ಬಿಯವರೆಗೆ ಎಳೆದು ಕ್ಲಿಪ್ಪು ಹಾಕಿದರು. ಕೈಗೆಟುಕುವ ಕಡೆಯ ಕ್ಲಿಪ್ಪನ್ನು ತಾನೇ ಬಿಗಿಮಾಡುತ್ತೇನೆಂದು ಎಮ್ರಿಸ್ ಹಟ ಹಿಡಿದ. ಅಷ್ಟಾದರೂ ಕೈ ಆಡಿಸದಿದ್ದರೆ ಅವನಿಗೆ ಸಮಾಧಾನವಿಲ್ಲ.

ಕಣಿವೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ನೆಸ್ತಾ ಪೈಪು ಕಳಚಿ ನೋಡಿದರೆ, ಡಬ್ಬಿಯಲ್ಲಿ ಏನೂ ಇಲ್ಲ. ಪೈಪಿನ ನಡುವೆ ಕೆನೆಯಂಥ ಹಳದಿ ಲೋಳೆ ನಿಂತಿದೆ.

"ಹೊಟ್ಟೆ ಬಿಟ್ಕೊಂಡಿದೆ," ಎಂದಳು ಅವಳೇ, ಪೈಪು ನಡುವೆ ಜೋತುಬಿದ್ದಿದ್ದನ್ನು ಬೆರಳಲ್ಲಿ ಎತ್ತಿ. "ನೀರೂ ಆಯಿಲ್ಲೂ ಇಲ್ಲೇ ನಿಂತಿವೆ. ಚಳೀಲಿ ಇದು ಹೆಪ್ಪುಗಟ್ಟಿದ್ರೆ ದಾರಿನೇ ಬಂದ್."

"ಕತ್ತರಿಸು. ಡಬ್ಬಿವರೆಗೂ ಇಳಿಜಾರಾಗೇ ಇರ್ಬೇಕು," ಎಂದ ಎಮ್ರಿಸ್. ಕತ್ತರಿಸಿ, ಗಿಡ್ಡ ಮಾಡಿ, ಮತ್ತೆ ಕೂರಿಸಿದಳು.

"ಆಯ್ತಾ?" ಎಂದು ಗ್ವೆಂಡಾ ಎದ್ದಳು. ಸ್ವೆಟರಿನ ತೋಳು ಮೇಲೇರಿಸಿ, ಎಮ್ಮೆಯ ಹಗ್ಗ ಎಳೆಯುವವಳಂತೆ ಒಂದೊಂದೇ ಪೈಪನ್ನು ಹಿಡಿದು ಜಗ್ಗಿದಳು. ಮೊದಲನೆಯದು ಕದಲಲಿಲ್ಲ. ಎರಡನೆಯದೂ ಕದಲಲಿಲ್ಲ. ಮೂರನೆಯದು ಪಳಕ್ಕನೆ ಕಿತ್ತು ಅವಳ ಕೈಗೇ ಬಂತು.

ಮೂವರೂ ಅದನ್ನು ನೋಡುತ್ತ ನಿಂತರು.

"ಇದನ್ನ ಬಿಗಿ ಮಾಡಿದ್ದು ಯಾರು?" ಎಂದಳು ಗ್ವೆಂಡಾ.

"ನಾನು," ಎಂದ ಎಮ್ರಿಸ್. ಮುಖ ಸಣ್ಣದಾಗಿತ್ತು. "ಪಕ್ಕೆ ನೋಯ್ತು ಅಂತ ಕಡೇ ಒಂದು ಸುತ್ತು ತಿರುಗಿಸಿರ್ಲಿಲ್ಲ."

ಗ್ವೆಂಡಾ ರೇಗುತ್ತಾಳೆ ಎಂದುಕೊಂಡಳು ನೆಸ್ತಾ. ಅವಳು ರೇಗಲಿಲ್ಲ. ಪೈಪನ್ನು ನೆಸ್ತಾಳ ಕೈಗಿಟ್ಟು, ಅವಳ ತೋಳನ್ನು ಒಮ್ಮೆ ಒತ್ತಿದಳು. "ನೋಡಿದ್ಯಾ? ಈ ವಿಷಯದಲ್ಲಿ ಹುಲಿ ಅನ್ನಿಸ್ಕೊಂಡೋನ ಕೈಲೂ ಹೀಗಾಗುತ್ತೆ. ನಿನ್ನೊಬ್ಬಳ ಕೈಲಿ ಮಾತ್ರ ಆಗಿದ್ದಲ್ಲ. ಹೂಂ, ಎಲ್ಲಾದಕ್ಕೂ ಎರಡೆರಡು ಕ್ಲಿಪ್ ಹಾಕು."

ನೆಸ್ತಾ ತಟ್ಟನೆ ಬಾನೆಟ್ಟಿನೊಳಗೆ ತಲೆ ಹಾಕಿದಳು. ಜೂನಿನ ಆ ಪಂದ್ಯದಿಂದ ಎದೆಯ ಮೇಲೆ ಕೂತಿದ್ದದ್ದು ಯಾವುದೋ ಕಣ್ಣಿನ ದಾರಿಯಲ್ಲಿ ಇಳಿಯುತ್ತಿತ್ತು. ಸ್ಕ್ರೂ ಕಾಣದಷ್ಟು ಮಂಜಾಯಿತು. ತೋಳಿನಿಂದ ಮುಖ ಒರೆಸಿಕೊಂಡಾಗ ಕೆನ್ನೆಯ ತುಂಬ ಗ್ರೀಸಾಯಿತು. ಸ್ವಲ್ಪ ಹೊತ್ತಿನ ಮೇಲೆ ಎಮ್ರಿಸ್ ಕಡೇ ಸುತ್ತು, ಕಡೇ ಸುತ್ತು ಎಂದು ನೆನಪಿಸಿದ, ಅಷ್ಟೆ.

ಸೆಪ್ಟೆಂಬರ್ ಬಂತು. ಪೆನ್‌ರಿವ್ ಬೆಟ್ಟದ ಬ್ರಾಕನ್ ಎಂಬ ಜರೀಗಿಡಗಳು ಕಂದು ತಿರುಗಿದ್ದವು. ಬೆಳಗಿನ ತಪಾಸಣೆಯಲ್ಲಿ ಪರೀಕ್ಷಕ ಬಾನೆಟ್ ಎತ್ತಿ, ಟಾರ್ಚು ಬಿಟ್ಟು, ತುಸು ಹೊತ್ತು ಸುಮ್ಮನೆ ನೋಡಿದ.

"ಇದು ಹಾಲಿನ ಕ್ಯಾನ್ ಅಲ್ವೇನ್ರಿ?"

"ಹೌದು," ಎಂದಳು ನೆಸ್ತಾ.

"ದಿನಕ್ಕೆ ಎಷ್ಟು ಕರೆಯುತ್ತೆ?"

"ಸಂಜೆಗೆ ಗೊತ್ತಾಗುತ್ತೆ," ಎಂದ ಎಮ್ರಿಸ್. ಪರೀಕ್ಷಕ ಪೈಪುಗಳನ್ನು ಮುಟ್ಟಿ ನೋಡಿ, ಅಲುಗಾಡಿಸಿ, ನಗುತ್ತ ಚೀಟಿ ಅಂಟಿಸಿದ.

ನೆಸ್ತಾ ಮೊದಲು ಓಡಿಸಿದಳು. ಚಾಪೆಲ್ ತಿರುವು ಹತ್ತಿರವಾಗುತ್ತಿದ್ದಂತೆ ಕಾಲು ತಾನಾಗಿಯೇ ಸಡಿಲವಾಯಿತು, ಒಳ್ಳೆಯ ಸಮಯ ಅಲ್ಲೇ ಕೈತಪ್ಪಿತು. ಅವಳಿಗೆ ಅದರ ಚಿಂತೆಯಿರಲಿಲ್ಲ. ಕೆಳಗಿಳಿದು ಬಂದು, ಸೀಟು ಹಿಂದಕ್ಕೆ ಸರಿಸಿ, ಎಮ್ರಿಸ್‌ಗೆ ಬೆಲ್ಟು ಬಿಗಿದಳು.

"ಎರಡನೇ ಗೇರು ಸ್ವಲ್ಪ ಮೊಂಡು. ಗದರಿಸಬೇಡಿ, ಕೇಳ್ಕೊಳ್ಳಿ."

"ನನ್ನ ಹೆಂಡತಿ ಹಾಗೇ," ಎಂದ ಅವನು, ಹೆಲ್ಮೆಟ್ಟಿನೊಳಗಿಂದ.

ಅವನು ಸಾಲಿನಲ್ಲಿ ಕಾಯುತ್ತಿದ್ದಾಗ ನೆಸ್ತಾ ಅಡ್ಡದಾರಿ ಹಿಡಿದು ಚಾಪೆಲ್ ತಿರುವಿಗೆ ಹತ್ತಿದಳು. ಗ್ವೆಂಡಾ ಅದೇ ಕುರ್ಚಿಯಲ್ಲಿ ಕೂತಿದ್ದಳು, ಹೆಣಿಗೆ ತಂದಿರಲಿಲ್ಲ. ಪಕ್ಕಕ್ಕೆ ಬಂದು ನಿಂತವಳ ಕೈಯನ್ನು ಹುಡುಕಿ ಹಿಡಿದಳು. ಕೆಳಗೆ ಎಂಜಿನ್ನು ಮೊರೆಯಿತು. ಮರಗಳ ನಡುವೆ ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ಗ್ವೆಂಡಾಳ ಉಗುರು ನೆಸ್ತಾಳ ಅಂಗೈಗೆ ಊರಿತು. ಕಾರು ತಿರುವಿಗೆ ಬಂತು. ಎಮ್ರಿಸ್ ಅದನ್ನು ಒಳಗೆ ತಿರುಗಿಸಿದ ರೀತಿ ನೋಡಿ ನೆಸ್ತಾಳಿಗೆ ಹೊಟ್ಟೆಕಿಚ್ಚಾಯಿತು. ನೀರಿನಲ್ಲಿ ದೋಣಿ ತಿರುಗಿದಷ್ಟು ಸಲೀಸು. ಹಿಂದೆ ಹೊಗೆಯಿಲ್ಲ, ರಸ್ತೆಯ ಮೇಲೆ ಕಲೆಯಿಲ್ಲ. ಮೇಲಕ್ಕೆ ಹೋಗಿ ಕಣ್ಮರೆಯಾದ.

ಸದ್ದು ನಿಲ್ಲುವವರೆಗೂ ಗ್ವೆಂಡಾ ಕೈ ಬಿಡಲಿಲ್ಲ. ಇದ್ವಲ್ ರೇಡಿಯೊ ಕಿವಿಗಿಟ್ಟು ಕೇಳಿ, ಅತ್ತ ತಿರುಗಿ ಹೆಬ್ಬೆರಳು ಎತ್ತಿದ. "ದಾಟಿದ ಕಣಮ್ಮ!"

"ಇಷ್ಟು ವರ್ಷ ಇಲ್ಲಿ ಕೂತಿದೀನಿ," ಎಂದಳು ಗ್ವೆಂಡಾ, "ಇವತ್ತೇ ಮೊದಲು ಕಣ್ಣು ಬಿಟ್ಕೊಂಡು ನೋಡಿದ್ದು. ಚೆನ್ನಾಗಿ ಓಡಿಸ್ತಾನಲ್ವಾ?"

"ತುಂಬ ಚೆನ್ನಾಗಿ."

"ನಂಗೆ ಗೊತ್ತೇ ಇರ್ಲಿಲ್ಲ," ಎಂದು ಅವಳು ಮೂಗು ಒರೆಸಿಕೊಂಡಳು.

ಎಮ್ರಿಸ್ ತನ್ನ ವಿಭಾಗದಲ್ಲಿ ನಾಲ್ಕನೆಯವನಾದ. ಬಹುಮಾನವಿರಲಿಲ್ಲ, ಅವನಿಗೆ ಬೇಕಾಗಿಯೂ ಇರಲಿಲ್ಲ. ಕಾರು ಕೆಳಗೆ ಬಂದಾಗ ಅವನು ಮಾಡಿದ ಮೊದಲ ಕೆಲಸವೆಂದರೆ ಬಾನೆಟ್ ಎತ್ತಿದ್ದು. ನೆಸ್ತಾ ಚಹಾದ ಲೋಟವೊಂದನ್ನು ಹಿಡಿದು ನಲ್ಲಿ ತಿರುಗಿಸಿದಳು. ಹಾಲು ಹಾಕಿದ ಕಾಫಿಯಂಥ ಕಂದು ದ್ರವ ತೊಟ್ಟಿಕ್ಕಿ ಲೋಟದ ಕಾಲುಭಾಗ ತುಂಬಿತು. ಸುಟ್ಟ ವಾಸನೆ, ನೀರು ಬೆರೆತ ಎಣ್ಣೆ. ಮೂವರೂ ಬಗ್ಗಿ ನೋಡಿದರು. ಪಕ್ಕದ ಕಾರುಗಳವರೂ ಬಂದು ಇಣುಕಿದರು.

"ಇಷ್ಟೇ ಇಷ್ಟಾ?" ಎಂದಳು ಗ್ವೆಂಡಾ.

"ಆವತ್ತು ಇಷ್ಟೇ ಸಾಕಾಗಿತ್ತು," ಎಂದ ಎಮ್ರಿಸ್. ಆಮೇಲೆ ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿ ನೆಸ್ತಾಳ ಕಡೆ ತಿರುಗಿದ. ತಮಾಷೆ ಮಾಡಲು ಬಾಯಿ ತೆರೆದವನಿಗೆ ತಮಾಷೆ ಸಿಗಲಿಲ್ಲ. "ಮಗಳೇ," ಎಂದ. ಅವಳ ತಲೆಯ ಮೇಲೆ ಕೈಯಿಟ್ಟು ನಿಂತ.

ನೆಸ್ತಾಳಿಗೂ ಹೇಳಲು ಬಹಳವಿತ್ತು. ತಾನು ಕೊಟ್ಟದ್ದು ಬರೀ ಕಾರು. ಅವರು ಕೊಟ್ಟದ್ದು ಎಷ್ಟೋ ಶನಿವಾರಗಳನ್ನು, ತವರಿನ ಕ್ಯಾನನ್ನು, ಮತ್ತೆ ತಲೆಯೆತ್ತಿ ಈ ಬೆಟ್ಟಕ್ಕೆ ಬರುವ ಧೈರ್ಯವನ್ನು. ಅವಳು ಅದನ್ನೆಲ್ಲ ಹೇಳಲಿಲ್ಲ. "ನಂಗೂ," ಎಂದಳು. ಅವನಿಗೆ ಅಷ್ಟು ಸಾಕಾಯಿತು.

ಸಂಜೆ ಮೂವರೂ ಬೆಟ್ಟದ ರಸ್ತೆಯಲ್ಲಿ ಕಾಲ್ನಡಿಗೆಯಲ್ಲಿ ಹತ್ತಿದರು. ಪ್ರತಿ ತಿರುವಿನಲ್ಲೂ ಕಾವಲಿದ್ದವರು ಬಾವುಟ ಸುತ್ತುತ್ತಿದ್ದರು. ಎಮ್ರಿಸ್ ಒಬ್ಬೊಬ್ಬರ ಕೈ ಕುಲುಕಿ, ಇಷ್ಟು ವರ್ಷ ಮಳೆಯಲ್ಲಿ ನಿಂತು ಕಾದಿದ್ದಕ್ಕೆ ಉಪಕಾರವಾಯಿತು ಎಂದು ಹೇಳಿದ. ಗ್ವೆಂಡಾ ಹಿಂದಿನಿಂದ ಡಬ್ಬ ಹಿಡಿದು, ಒಣದ್ರಾಕ್ಷಿಯ ಬಿಸ್ಕತ್ತು ಹಂಚುತ್ತ ಬಂದಳು.

ಊರಿಗೆ ವಾಪಸಾಗುವಾಗ ಮುಂದಿನ ಸೀಟು ತನಗೇ ಬೇಕೆಂದು ಗ್ವೆಂಡಾ ಹಟ ಮಾಡಿದಳು. ಎಮ್ರಿಸ್ ಎರಡು ಹೆಲ್ಮೆಟ್ಟು, ಮಡಿಚುವ ಕುರ್ಚಿ, ಉಪಕರಣಗಳ ಪೆಟ್ಟಿಗೆಗಳ ಜೊತೆ ಹಿಂದೆ ಸಿಕ್ಕಿಕೊಂಡ. ನೆಸ್ತಾ ಲೈಬ್ರರಿ ವ್ಯಾನ್ ಓಡಿಸುವಷ್ಟೇ ಜೋಪಾನವಾಗಿ ಕಣಿವೆಯ ದಾರಿ ಹಿಡಿದಳು. ನೇರ ರಸ್ತೆ ಬಂತು. ಎರಡೂ ಬದಿ ಖಾಲಿ ಹೊಲ, ಮುಂದೆ ಯಾರೂ ಇಲ್ಲ. ಗ್ವೆಂಡಾ ಬೆಲ್ಟನ್ನು ಒಮ್ಮೆ ಎಳೆದು ನೋಡಿಕೊಂಡಳು.

"ಇದು ಇಷ್ಟೇನಾ ಓಡೋದು?" ಎಂದಳು.

ಹಿಂದಿನ ಸೀಟಿನಲ್ಲಿ ಎಮ್ರಿಸ್ ಪಕ್ಕೆ ಹಿಡಿದುಕೊಂಡು ನಗತೊಡಗಿದ. ನೆಸ್ತಾ ಗೇರು ಬದಲಾಯಿಸಿದಳು.